ಮಗುವಿನ ಮೈಮೇಲೆ ನೆತ್ತರಿನ ಚುಕ್ಕಿಗಳು

ಇಂಥದೊಂದು ಸಂಗತಿ ಯಾವ ಊರಿನಲ್ಲಿಯಾದರೂ ನಡೆಯಬಹುದು. ಮನೆಯಲ್ಲಿ ನಾಲ್ಕು ವರ್ಷದ ಹುಡುಗ. ಹದಿನೈದು ದಿನಗಳ ಹಿಂದೆ ಅವನಿಗೆ ನೆಗಡಿ, ಕೆಮ್ಮು, ಸ್ವಲ್ಪ ಜ್ವರ ಬಂದು ಹೋಗಿದ್ದವು. ಈಗ ಆಡಿಕೊಂಡಿದ್ದಾನೆ, ಹೊಟ್ಟೆತುಂಬ ಉಣ್ಣುತ್ತಾನೆ. ಒಂದು ದಿನ ಬೆಳಿಗ್ಗೆ ಸ್ನಾನ ಮಾಡಿಸಲೆಂದು ಅಂಗಿ ಬಿಚ್ಚಿದ ತಾಯಿ ಬೆಚ್ಚುತ್ತಾಳೆ. ಮೊಣಕಾಲಿನ ಕೆಳಗೆಲ್ಲ ಸೂಜಿಯ ತುದಿಯಷ್ಟು, ಹೆಚ್ಚೆಂದರೆ ರಾಗಿಕಾಳಿನಷ್ಟು ಕೆಂಪು ಚುಕ್ಕಿಗಳು. ತೊಡೆಯ ಮೇಲೆ, ಬೆನ್ನಿನ ಮೇಲೆ ನೇರಳೆ ಹಣ್ಣು ಮೆತ್ತಿದ ಹಾಗೆ ಕಪ್ಪು ನೀಲಿ ಕಲೆಗಳು. "ಯಾರೋ ಮಗ ಹೊಡೆದದ್ದು?" ಎಂದು ಅಜ್ಜಿ ಕೇಳುತ್ತಾಳೆ. ಹುಡುಗ ಯಾರೂ ಇಲ್ಲವೆನ್ನುತ್ತಾನೆ. ಅಜ್ಜಿ ನಂಬುವುದಿಲ್ಲ. ಅಂಗನವಾಡಿಯ ಕಾರ್ಯಕರ್ತೆಯ ಮೇಲೋ ಪಕ್ಕದ ಮನೆಯ ಹುಡುಗರ ಮೇಲೋ ಅನುಮಾನ ಹೋಗಿ, ಮಧ್ಯಾಹ್ನದ ಹೊತ್ತಿಗೆ ಬೀದಿಯಲ್ಲಿ ಜಗಳವಾಗುತ್ತದೆ. ಸಂಜೆಗೆ ಯಾರೋ ಒಬ್ಬರು ಬಂದು, ರಕ್ತ ಕೆಟ್ಟಿದೆ, ಬರೆ ಹಾಕಿಸಿರಿ ಎನ್ನುತ್ತಾರೆ. ಇನ್ನೊಬ್ಬರು ಒಂದು ಸೂಜಿ ಹಾಕಿಸಿದರೆ ಸರಿಹೋಗುತ್ತದೆ ಎನ್ನುತ್ತಾರೆ.

ಈ ಮಗುವಿಗೆ ಯಾರೂ ಹೊಡೆದಿಲ್ಲದಿರಬಹುದು. ರಕ್ತ ಕೆಟ್ಟೂ ಇಲ್ಲ. ಆದರೆ ಬರೆಯನ್ನಾಗಲಿ ಸೂಜಿಯನ್ನಾಗಲಿ ಹಾಕಿಸಿದರೆ ಮಾತ್ರ ನಿಜವಾದ ಅಪಾಯವನ್ನು ಮನೆಯವರೇ ಕೈಯಾರೆ ತಂದುಕೊಂಡ ಹಾಗಾಗುವುದು. ಅದು ಏಕೆಂಬುದನ್ನು ತಿಳಿಯಬೇಕಾದರೆ ರಕ್ತದ ಒಂದು ಗುಣವನ್ನು ಮೊದಲು ತಿಳಿದುಕೊಳ್ಳಬೇಕು.

ಗದ್ದೆಗೆ ನೀರು ಕಟ್ಟುವವರಿಗೆ ಏಡಿಯ ಬಿಲದ ಉಪದ್ರವ ಹೊಸದಲ್ಲ. ಬದುವಿನಲ್ಲಿ ಒಂದು ತೂತು ಬಿದ್ದರೆ ಸಾಕು, ರಾತ್ರಿ ಕಳೆಯುವುದರೊಳಗೆ ನೀರೆಲ್ಲ ಕೆಳಗಿನ ಮಡಿಗೆ ಇಳಿದುಹೋಗುತ್ತದೆ. ಅದನ್ನು ಕಂಡ ಕೂಡಲೇ ಒಂದು ಹಿಡಿ ಹುಲ್ಲು ತುರುಕಿ, ಒಂದು ಹೆಂಟೆ ಹಸಿಮಣ್ಣನ್ನು ಮೆತ್ತಿ ತುಳಿಯುತ್ತೇವೆ. ನಮ್ಮ ಮೈಯಲ್ಲಿ ರಕ್ತ ಹರಿಯುವ ಸಣ್ಣ ಸಣ್ಣ ನಾಳಗಳಲ್ಲಿಯೂ ದಿನವೂ ಇಂಥ ತೂತುಗಳು ಬೀಳುತ್ತಿರುತ್ತವೆ. ನಡೆಯುವಾಗ, ಕುಳಿತೇಳುವಾಗ, ಮಗು ಮಂಡಿಯೂರಿ ಆಡುವಾಗ ನಮಗೆ ಗೊತ್ತಾಗದಂತೆಯೇ ಬೀಳುತ್ತವೆ. ಆ ತೂತಿಗೆ ಓಡಿಬಂದು ಒಂದಕ್ಕೊಂದು ಅಂಟಿಕೊಂಡು ಮುಚ್ಚುವ ಕಣಗಳಿಗೆ ಪ್ಲೇಟ್‌ಲೆಟ್‌ಗಳೆಂದು ಹೆಸರು. ಚಿಕ್ಕ ತಟ್ಟೆಯ ಆಕಾರವಿರುವುದರಿಂದ ಈ ಹೆಸರು ಬಂದಿದೆ. ಇವು ಗಾಯ ಮುಚ್ಚುವ ಕೆಲಸದಲ್ಲಿ ಮೊದಲಿಗರೆಂಬುದನ್ನು 1882ರಲ್ಲಿ ಇಟಲಿಯ ಬಿಜೊಜೆರೊ ಎಂಬ ವೈದ್ಯರು ತೋರಿಸಿಕೊಟ್ಟರು.

ಡೆಂಗಿ ಜ್ವರ ಬಂದಾಗ "ಬಿಳಿ ರಕ್ತಕಣ ಕಡಿಮೆಯಾಗಿದೆ" ಎಂದು ನಮ್ಮ ಕಡೆ ಹೇಳುವುದುಂಟು. ಪತ್ರಿಕೆಗಳಲ್ಲಿಯೂ ಹಾಗೆಯೇ ಬರೆದುಬಿಡುತ್ತಾರೆ. ಅದು ತಪ್ಪು. ಬಿಳಿ ರಕ್ತಕಣಗಳು ರೋಗಾಣುಗಳೊಡನೆ ಹೋರಾಡುವ ಬೇರೆಯೇ ಕಣಗಳು. ವೈದ್ಯರು ಎಣಿಸಿ ಹೇಳುವುದು ಪ್ಲೇಟ್‌ಲೆಟ್‌ಗಳನ್ನು. ಈ ಎರಡನ್ನೂ ಒಂದೇ ಎಂದು ತಿಳಿದು ಔಷಧದಂಗಡಿಯಲ್ಲಿ ಏನನ್ನಾದರೂ ಕೇಳಿ ತರಬಾರದು.

ಪ್ಲೇಟ್‌ಲೆಟ್‌ಗಳು ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಒಂದೊಂದರ ಆಯುಸ್ಸು ಎಂಟು ಹತ್ತು ದಿನ. ಮುದಿಯಾದವುಗಳನ್ನು ಎಡಪಕ್ಕೆಯ ಕೆಳಗಿರುವ ಗುಲ್ಮವು ಹಿಡಿದು ತೆಗೆದುಹಾಕುತ್ತದೆ, ಹೊಸವು ಹುಟ್ಟಿಬರುತ್ತವೆ. ಆರೋಗ್ಯವಾಗಿರುವ ಮಗುವಿನ ಒಂದು ಘನ ಮಿಲಿಮೀಟರ್ ರಕ್ತದಲ್ಲಿ, ಎಂದರೆ ಒಂದು ಸಣ್ಣ ಹನಿಗಿಂತಲೂ ಕಡಿಮೆ ರಕ್ತದಲ್ಲಿ, 1.5 ಲಕ್ಷದಿಂದ 4.5 ಲಕ್ಷದವರೆಗೆ ಪ್ಲೇಟ್‌ಲೆಟ್‌ಗಳಿರುತ್ತವೆ. ನಾವು ಹೇಳುತ್ತಿರುವ ರೋಗದಲ್ಲಿ ಇದು 1 ಲಕ್ಷಕ್ಕಿಂತ ಕೆಳಗಿಳಿಯುತ್ತದೆ. ಮಕ್ಕಳಲ್ಲಿ 20,000ಕ್ಕಿಂತ ಕೆಳಗೆ ಹೋಗುವುದು ಸಾಮಾನ್ಯ. ಆಗ ದಿನನಿತ್ಯದ ಸಣ್ಣ ತೂತುಗಳನ್ನು ಮುಚ್ಚುವವರಿಲ್ಲದೆ ರಕ್ತವು ಚರ್ಮದ ಕೆಳಗೆ ಒಸರಿ ಚುಕ್ಕಿಯಾಗಿಯೂ ಕಲೆಯಾಗಿಯೂ ಕಾಣುತ್ತದೆ. ನಿಂತು ನಡೆದಾಡುವಾಗ ಕಾಲಿನ ನಾಳಗಳ ಮೇಲೆ ಒತ್ತಡ ಹೆಚ್ಚಾದುದರಿಂದ ಚುಕ್ಕಿಗಳು ಮೊದಲು ಕಾಲಿನಲ್ಲಿಯೇ ಹೆಚ್ಚಾಗಿ ತೋರುತ್ತವೆ.

ನೆಗಡಿಗೂ ಇದಕ್ಕೂ ಏನು ಸಂಬಂಧ?

ವೈರಸ್ ಎಂಬ ರೋಗಾಣು ಮೈಯೊಳಗೆ ಹೊಕ್ಕಾಗ ದೇಹವು ಅದನ್ನು ಗುರುತಿಸಿ ಹಿಡಿಯಲು ಪ್ರತಿಕಾಯಗಳೆಂಬ ವಸ್ತುಗಳನ್ನು ತಯಾರಿಸುತ್ತದೆ. ಇದು ಒಳ್ಳೆಯದೇ, ನೆಗಡಿ ತಾನಾಗಿ ವಾಸಿಯಾಗುವುದರಲ್ಲಿ ಇವುಗಳ ಪಾಲು ದೊಡ್ಡದು. ಆದರೆ ರಾಗಿಯ ಹೊಲದಲ್ಲಿ ರಾಗಿಯ ಪೈರಿನಂತೆಯೇ ಕಾಣುವ ಹುಲ್ಲು ಬೆಳೆಯುವುದನ್ನು ನೀವು ಕಂಡಿದ್ದೀರಿ. ಕಳೆ ಕೀಳಲು ಹೊಸಬರನ್ನು ಇಳಿಸಿದರೆ ಹುಲ್ಲಿನೊಡನೆ ರಾಗಿಯನ್ನೂ ಕಿತ್ತು ಬದುವಿಗೆ ಎಸೆಯುತ್ತಾರೆ. ಕೆಲವು ಮಕ್ಕಳ ಮೈಯಲ್ಲಿ ನಡೆಯುವುದೂ ಇಂಥದೇ ಎಂದು ತಿಳಿಯಲಾಗಿದೆ. ವೈರಸ್ಸಿಗಾಗಿ ಹುಟ್ಟಿದ ಪ್ರತಿಕಾಯಗಳು ತಮ್ಮ ಮೈಯ ಪ್ಲೇಟ್‌ಲೆಟ್‌ಗಳಿಗೇ ಅಂಟಿಕೊಳ್ಳುತ್ತವೆ. ಹೀಗೆ ಗುರುತು ಬಿದ್ದ ಪ್ಲೇಟ್‌ಲೆಟ್‌ಗಳನ್ನು ಗುಲ್ಮವು ಪರರೆಂದು ಬಗೆದು ನಾಶಮಾಡುತ್ತದೆ. ಎಂಟು ಹತ್ತು ದಿನ ಬಾಳಬೇಕಾದದ್ದು ಕೆಲವು ಗಂಟೆಗಳಲ್ಲಿಯೇ ಮುಗಿದುಹೋಗುತ್ತದೆ. ಮಜ್ಜೆಯು ಎಷ್ಟು ಹುಟ್ಟಿಸಿದರೂ ಸಾಲದು. ಈ ರೋಗಕ್ಕೆ ಇಮ್ಯೂನ್ ಥ್ರಾಂಬೊಸೈಟೊಪೀನಿಯ ಎಂದು ಹೆಸರು. ಆಸ್ಪತ್ರೆಯ ಚೀಟಿಯಲ್ಲಿ ಐ.ಟಿ.ಪಿ. ಎಂದು ಬರೆದಿರುತ್ತಾರೆ.

ತಪ್ಪು ಇರುವುದು ಮಜ್ಜೆಯಲ್ಲಲ್ಲ, ರಕ್ತದಲ್ಲಿ ಸೇರಿಕೊಂಡ ಒಂದು ವಸ್ತುವಿನಲ್ಲಿ ಎಂಬುದು ಗೊತ್ತಾದ ಬಗೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಅಮೆರಿಕದ ಸೇಂಟ್ ಲೂಯಿಸ್ ನಗರದ ಬಾರ್ನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಹ್ಯಾರಿಂಗ್ಟನ್ ಎಂಬ ತರುಣ ವೈದ್ಯರಿದ್ದರು. ಈ ರೋಗವಿದ್ದವರೊಬ್ಬರ ಸುಮಾರು ಅರ್ಧ ಲೀಟರ್ ರಕ್ತವನ್ನು 1950ರಲ್ಲಿ ಅವರು ತಮ್ಮ ಮೈಗೇ ಹಾಕಿಸಿಕೊಂಡರು. ಕೆಲವೇ ಗಂಟೆಗಳಲ್ಲಿ ಅವರ ಪ್ಲೇಟ್‌ಲೆಟ್‌ಗಳು ತಳ ಕಂಡವು, ಮೈಮೇಲೆ ಚುಕ್ಕಿಗಳೆದ್ದವು, ಸೆಳವು ಕೂಡ ಬಂತು. ಕೆಲವು ದಿನಗಳಲ್ಲಿ ಚೇತರಿಸಿಕೊಂಡರು. ಅನಂತರ ಅವರ ಜೊತೆಯವರೂ ಇದೇ ಪರೀಕ್ಷೆಗೆ ಮೈಯೊಡ್ಡಿದರು. 1951ರಲ್ಲಿ ಇದರ ವರದಿ ಪ್ರಕಟವಾಯಿತು. ಇಂಥ ಪರೀಕ್ಷೆಗೆ ಈಗಿನ ಕಾಲದಲ್ಲಿ ಯಾರೂ ಅನುಮತಿ ಕೊಡಲಾರರು, ಕೊಡಲೂ ಬಾರದು. ಆದರೂ ಇಂದು ಮಕ್ಕಳಿಗೆ ದೊರೆಯುತ್ತಿರುವ ಚಿಕಿತ್ಸೆಯ ತಿಳಿವಳಿಕೆಗೆ ಆ ಧೈರ್ಯವೇ ಬುನಾದಿ.

ಈ ರೋಗ ಹೆಚ್ಚಾಗಿ ಬರುವುದು ಎರಡರಿಂದ ಆರು ವರ್ಷದೊಳಗಿನ ಮಕ್ಕಳಿಗೆ. ನೆಗಡಿ, ಸಿಡುಬಿನಂಥ ಗುಳ್ಳೆಯೇಳುವ ಸೀತಾಳೆ, ದಡಾರ, ಅಥವಾ ಯಾವುದೆಂದು ಹೆಸರು ಹೇಳಲಾಗದ ಒಂದು ವೈರಸ್ ಜ್ವರ ಬಂದುಹೋದ ಒಂದರಿಂದ ನಾಲ್ಕು ವಾರಗಳ ಮೇಲೆ ಇದ್ದಕ್ಕಿದ್ದಂತೆ ಕಾಣಿಸಿಕೊಳ್ಳುತ್ತದೆ. ದಡಾರ ರುಬೆಲ್ಲಾ ಲಸಿಕೆಯ ಮೇಲೂ ಬರುವುದುಂಟು. ಆದರೆ ಅದು ಹತ್ತಾರು ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಮಾತ್ರ. ಲಸಿಕೆ ಹಾಕಿಸದೆ ಆ ರೋಗಗಳೇ ಬಂದರೆ ಇದಕ್ಕಿಂತ ಹೆಚ್ಚು ಮಕ್ಕಳಿಗೆ ಹೀಗಾಗುತ್ತದೆ, ಬೇರೆ ಕೇಡುಗಳೂ ಜೊತೆಗಿರುತ್ತವೆ. ಆದುದರಿಂದ ಈ ಹೆದರಿಕೆಯಿಂದ ಲಸಿಕೆಯನ್ನು ಬಿಡಕೂಡದು. ಇದು ಅಂಟುರೋಗವಲ್ಲ. ತಾಯಿ ತಿಂದ ನಂಜಿನ ಪದಾರ್ಥದಿಂದ ಬರುವುದೂ ಅಲ್ಲ. ಅಂಥ ಮಾತಾಡಿ ಸೊಸೆಯಂದಿರನ್ನು ನೋಯಿಸುವ ಮನೆಗಳುಂಟೆಂದು ಇದನ್ನು ಬರೆಯಬೇಕಾಯಿತು.

ಚುಕ್ಕಿಗಳು ಯಾವುವೆಂದು ತಿಳಿಯುವ ಬಗೆ

ಒಂದು ಗಾಜಿನ ಲೋಟವನ್ನು ಚುಕ್ಕಿಯ ಮೇಲೆ ಒತ್ತಿ ಹಿಡಿದು ಗಾಜಿನ ಮೂಲಕ ನೋಡಬೇಕು. ಸೊಳ್ಳೆ ಕಡಿತ, ಬೆವರುಸಾಲೆ, ಸಾಮಾನ್ಯ ದದ್ದುಗಳಾದರೆ ಕೆಂಪು ಮಾಸಿ ಚರ್ಮದ ಬಣ್ಣ ಕಾಣುತ್ತದೆ. ರಕ್ತವೇ ಹೊರಗೆ ಬಂದಿದ್ದರೆ ಎಷ್ಟು ಒತ್ತಿದರೂ ಮಾಸುವುದಿಲ್ಲ. ಹಾಗೆ ಮಾಸದ ಚುಕ್ಕಿ ಕಂಡರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ನಾಳೆ ಸಂತೆಗೆ ಹೋಗುವಾಗ ತೋರಿಸೋಣವೆಂದು ಇಡಬಾರದು.

ಏಕೆಂದರೆ ಮಾಸದ ಚುಕ್ಕಿಗಳು ಬೇರೆ ರೋಗಗಳಲ್ಲಿಯೂ ಬರುತ್ತವೆ; ಅವುಗಳಲ್ಲಿ ಕೆಲವು ಬಹಳ ಕೆಟ್ಟವು. ಐ.ಟಿ.ಪಿ. ಬಂದ ಮಗುವಿನ ವಿಶೇಷವೇನೆಂದರೆ, ಮೈಮೇಲಿನ ಗುರುತುಗಳನ್ನು ಬಿಟ್ಟರೆ ಅದು ಎಲ್ಲ ರೀತಿಯಲ್ಲಿಯೂ ಚೆನ್ನಾಗಿರುತ್ತದೆ. ಜ್ವರವಿರುವುದಿಲ್ಲ. ಮಗು ಜ್ವರದಿಂದ ಬಳಲಿ, ಮಂಕಾಗಿ, ಕೈಕಾಲು ತಣ್ಣಗಾಗಿ, ಮೈಮೇಲೆ ಇಂಥ ಚುಕ್ಕಿಗಳಿದ್ದರೆ ಅದು ರಕ್ತಕ್ಕೆ ಸೇರಿದ ಸೋಂಕೋ ಮಿದುಳು ಪೊರೆಯ ಜ್ವರವೋ ಇರಬಹುದು. ಆಗ ಒಂದು ಗಂಟೆಯೂ ತಡಮಾಡದೆ 108ಕ್ಕೆ ಫೋನು ಮಾಡಬೇಕು. ಡೆಂಗಿಯಲ್ಲಿ ಜ್ವರ, ಮೈಕೈ ನೋವು, ಹೊಟ್ಟೆನೋವು, ವಾಂತಿಗಳಿರುತ್ತವೆ. ಮಲೆನಾಡಿನವರು ಇನ್ನೊಂದನ್ನು ನೆನಪಿನಲ್ಲಿಡಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸೀಮೆಯಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯಲ್ಲಿಯೂ ಪ್ಲೇಟ್‌ಲೆಟ್ ಇಳಿದು ರಕ್ತಸ್ರಾವವಾಗುವುದುಂಟು. ಅದು ಉಣುಗು ಕಡಿತದಿಂದ ಬರುವ ತೀವ್ರ ಜ್ವರ. ಹೊಲದಿಂದ ಬಂದ ಮಗುವಿಗೆ ಒಮ್ಮೆಲೇ ಒಸಡಿನಲ್ಲಿ ರಕ್ತ ಬಂದರೆ ಹಾವು ಕಚ್ಚಿದೆಯೇ ಎಂದೂ ನೋಡಬೇಕು. ಮಂಡಲದ ಹಾವಿನ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ ವೈದ್ಯರು ರಕ್ತದ ಕ್ಯಾನ್ಸರ್ ಅಲ್ಲವೆಂಬುದನ್ನು ಖಚಿತಮಾಡಿಕೊಳ್ಳಬೇಕಾಗುತ್ತದೆ. ವಾರಗಟ್ಟಲೆ ಬಿಳಿಚಿಕೊಂಡು, ಸೊರಗಿ, ಕಾಲು ಮೂಳೆ ನೋವೆಂದು ರಾತ್ರಿ ಅಳುವ, ಕುತ್ತಿಗೆಯಲ್ಲಿ ಗಂಟುಗಳಿರುವ, ಹೊಟ್ಟೆ ಉಬ್ಬಿದ ಮಗುವಿನ ವಿಷಯವೇ ಬೇರೆ. ಇದಕ್ಕೆ ಮೊದಲ ಪರೀಕ್ಷೆ ರಕ್ತದ ಎಲ್ಲ ಕಣಗಳ ಎಣಿಕೆ ಮತ್ತು ಒಂದು ತೊಟ್ಟು ರಕ್ತವನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಐ.ಟಿ.ಪಿ.ಯಲ್ಲಿ ಪ್ಲೇಟ್‌ಲೆಟ್ ಮಾತ್ರ ಕಡಿಮೆ. ಕೆಂಪು ಕಣ, ಬಿಳಿ ಕಣಗಳು ಸರಿಯಾಗಿರುತ್ತವೆ. ಹಾಗಿದ್ದರೆ ಮೂಳೆಗೆ ಸೂಜಿ ಹಾಕಿ ಮಜ್ಜೆ ತೆಗೆಯುವ ಪರೀಕ್ಷೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ತೆಗೆದ ರಕ್ತವು ಶೀಷೆಯಲ್ಲಿಯೇ ಗಂಟುಕಟ್ಟಿದ್ದರೆ ಯಂತ್ರವು ಸುಳ್ಳು ಲೆಕ್ಕ ಕೊಡುವುದರಿಂದ ಮತ್ತೊಮ್ಮೆ ರಕ್ತ ಕೇಳಿದರೆ ಬೇಸರಪಡಬಾರದು. ಚೀಟಿಯಲ್ಲಿ ಕೆಲವು ಕಡೆ ಲಕ್ಷದ ಲೆಕ್ಕದಲ್ಲಿ ಬರೆದಿರುತ್ತಾರೆ: 0.12 ಲಕ್ಷವೆಂದರೆ 12,000.

ಸಂಖ್ಯೆಯನ್ನಲ್ಲ, ಮಗುವನ್ನು ನೋಡಬೇಕು

ಹನ್ನೆರಡು ಸಾವಿರವೆಂದು ಕೇಳಿದೊಡನೆ ಮನೆಯವರ ಎದೆ ಒಡೆಯುತ್ತದೆ. ಡೆಂಗಿಯ ಕಾಲದಲ್ಲಿ ಕೇಳಿದ ಕಥೆಗಳೆಲ್ಲ ನೆನಪಾಗುತ್ತವೆ. ಹಸು ಮಾರಿ, ಒಡವೆ ಅಡವಿಟ್ಟು ದೊಡ್ಡ ಊರಿಗೆ ಓಡುತ್ತಾರೆ. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಈ ರೋಗದಲ್ಲಿ ಉಳಿದಿರುವ ಪ್ಲೇಟ್‌ಲೆಟ್‌ಗಳು ಹೊಸದಾಗಿ ಹುಟ್ಟಿದವು, ಬಲವಾದವು. ಆದುದರಿಂದ ಅಷ್ಟು ಕಡಿಮೆಯಿದ್ದರೂ ಬಹುಪಾಲು ಮಕ್ಕಳಿಗೆ ಚರ್ಮದ ಚುಕ್ಕಿ ಕಲೆಗಳ ಹೊರತು ಬೇರೇನೂ ಆಗುವುದಿಲ್ಲ. ಮಿದುಳಿನೊಳಗೆ ರಕ್ತಸ್ರಾವವಾಗುವುದೇ ಇದರ ದೊಡ್ಡ ಭಯ. ಅದು ಆಗುವುದು ನೂರರಲ್ಲಿ ಒಂದಕ್ಕಿಂತಲೂ ಕಡಿಮೆ ಮಕ್ಕಳಿಗೆ. ನೂರರಲ್ಲಿ ಎಪ್ಪತ್ತರಿಂದ ಎಂಬತ್ತು ಮಕ್ಕಳು ಆರು ತಿಂಗಳೊಳಗೆ, ಹಲವರು ಕೆಲವೇ ವಾರಗಳಲ್ಲಿ, ಔಷಧ ಕೊಟ್ಟರೂ ಕೊಡದಿದ್ದರೂ ಗುಣವಾಗುತ್ತಾರೆ.

ಅದಕ್ಕಾಗಿಯೇ ಚರ್ಮದ ಗುರುತುಗಳು ಮಾತ್ರ ಇರುವ ಮಗುವಿಗೆ ವೈದ್ಯರು ಏನೂ ಮದ್ದು ಕೊಡದೆ, "ಮನೆಗೆ ಕರೆದುಕೊಂಡು ಹೋಗಿ, ವಾರ ಬಿಟ್ಟು ಬನ್ನಿ" ಎನ್ನುವುದುಂಟು. ಇದು ಅಸಡ್ಡೆಯಲ್ಲ. ಅಮೆರಿಕದ ರಕ್ತರೋಗ ತಜ್ಞರ ಸಂಘವು 2019ರಲ್ಲಿ ಕೊಟ್ಟ ಸಲಹೆಯೂ ಇದೇ. ದೂರದಿಂದ ಬಂದ ತಂದೆತಾಯಿಗಳು, ಇಷ್ಟು ಖರ್ಚುಮಾಡಿ ಬಂದರೂ ಒಂದು ಸೂಜಿಯನ್ನೂ ಹಾಕಲಿಲ್ಲವಲ್ಲ ಎಂದು ಸಿಟ್ಟಾಗಿ ಬೇರೆ ಕಡೆ ಹೋಗುತ್ತಾರೆ. ಹೋಗುವ ಮೊದಲು ಒಂದು ಪ್ರಶ್ನೆ ಕೇಳಬೇಕು: "ಸ್ವಾಮಿ, ಮಗುವಿಗೆ ರಕ್ತಸ್ರಾವವಿದೆಯೇ, ಇಲ್ಲ ಲೆಕ್ಕ ಮಾತ್ರ ಕಡಿಮೆಯೇ?" ಲೆಕ್ಕ ಮಾತ್ರ ಕಡಿಮೆಯೆಂದರೆ ಕಾಯುವುದೇ ಚಿಕಿತ್ಸೆಯಾಗಿರಬಹುದು. ಆದರೆ ಆಸ್ಪತ್ರೆಯಿಂದ ಬಹುದೂರದ ಊರಿನವರಾದರೆ ಅದನ್ನೂ ವೈದ್ಯರಿಗೆ ಹೇಳಬೇಕು. ಮೊದಲ ಕೆಲವು ದಿನ ಅಲ್ಲಿಯೇ ಇರಿಸಿಕೊಳ್ಳಬಹುದು.

ಬಾಯೊಳಗೆ ರಕ್ತದ ಗುಳ್ಳೆ, ನಿಲ್ಲದೆ ಬರುವ ಮೂಗಿನ ರಕ್ತ ಇಂಥವು ಇದ್ದಾಗ ಔಷಧ ಬೇಕಾಗುತ್ತದೆ. ಒಂದು, ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್. ಅಗ್ಗದ ಮದ್ದು, ಮಕ್ಕಳಿಗೆ ಕೊಡುವುದು ಸಾಮಾನ್ಯವಾಗಿ ಒಂದು ವಾರದೊಳಗಿನ ಲೆಕ್ಕ. ಇದನ್ನು ರಕ್ತಪರೀಕ್ಷೆ ಮಾಡಿಸದೆ ಅಂಗಡಿಯಿಂದ ತಂದು ಕೊಟ್ಟರೆ, ಒಳಗೆ ರಕ್ತದ ಕ್ಯಾನ್ಸರ್ ಇದ್ದ ಪಕ್ಷದಲ್ಲಿ ಅದು ಕೆಲವು ದಿನ ಮರೆಯಾಗಿ ಕಂಡುಹಿಡಿಯುವುದು ತಡವಾಗುತ್ತದೆ. ಇನ್ನೊಂದು, ಸಾವಿರಾರು ದಾನಿಗಳ ರಕ್ತದಿಂದ ತೆಗೆದ ಇಮ್ಯುನೋಗ್ಲಾಬ್ಯುಲಿನ್ ಎಂಬ ಪ್ರತಿಕಾಯಗಳ ದ್ರವ. ಸ್ವಿಟ್ಜರ್ಲೆಂಡಿನ ವೈದ್ಯ ಪೌಲ್ ಇಂಬಾಕ್ ಇದರ ಗುಣವನ್ನು 1981ರಲ್ಲಿ ಪ್ರಕಟಿಸಿದರು. ನರಕ್ಕೆ ಹನಿಹನಿಯಾಗಿ ಕೊಡುತ್ತಾರೆ. ಒಂದೆರಡು ದಿನಗಳಲ್ಲಿ ಲೆಕ್ಕ ಏರುತ್ತದೆ, ಆದರೆ ಬಹಳ ದುಬಾರಿ. ಸರ್ಕಾರಿ ಆಸ್ಪತ್ರೆಗೆ ಹೋಗುವಾಗ ಪಡಿತರ ಚೀಟಿ, ಆಧಾರ್ ಕಾರ್ಡುಗಳನ್ನು ಜೊತೆಯಲ್ಲಿಟ್ಟುಕೊಂಡು, ಯೋಜನೆಯ ನೆರವು ದೊರೆಯುವುದೇ ಎಂದು ವಿಚಾರಿಸಬೇಕು.

"ಪ್ಲೇಟ್‌ಲೆಟ್ ಹಾಕಿಸಿಬಿಡಿ, ರಕ್ತ ಕೊಡಲು ನಾವು ಹತ್ತು ಜನ ಇದ್ದೇವೆ" ಎಂದು ನೆಂಟರು ಮುಂದೆ ಬರುವುದು ದೊಡ್ಡ ಮನಸ್ಸು. ಆದರೆ ಹೊರಗಿನಿಂದ ಹಾಕಿದ ಪ್ಲೇಟ್‌ಲೆಟ್‌ಗಳನ್ನೂ ಅದೇ ಪ್ರತಿಕಾಯಗಳು ಹಿಡಿದು ಕೆಲವು ಗಂಟೆಗಳಲ್ಲಿ ಮುಗಿಸುತ್ತವೆ. ಬಿಲ ಮುಚ್ಚದೆ ನೀರು ಕಟ್ಟಿದ ಹಾಗೆ. ಪ್ರಾಣಾಪಾಯದ ರಕ್ತಸ್ರಾವವಿದ್ದಾಗ ಮಾತ್ರ ಬೇರೆ ಮದ್ದುಗಳೊಡನೆ ಅದನ್ನು ಹಾಕುತ್ತಾರೆ. ಪರಂಗಿ ಎಲೆಯ ರಸದ ಮಾತೂ ಬರುತ್ತದೆ. ಈ ರೋಗದ ಕಾರಣವೇ ಬೇರೆಯಾದುದರಿಂದ ಅದನ್ನು ನಂಬಿ ಕೂರಬಾರದು. ಕಹಿರಸ ಕುಡಿಸಿ ಮಗುವಿಗೆ ವಾಂತಿಯಾದದ್ದೇ ಬಂದ ಲಾಭ.

ಮನೆಯಲ್ಲಿ ನೋಡಿಕೊಳ್ಳುವುದು

ಬರೆ ಹಾಕಲೇಬಾರದು. ಯಾವ ಮಗುವಿಗೂ ಹಾಕಬಾರದು, ಈ ಮಗುವಿಗಂತೂ ಸುಟ್ಟ ಜಾಗದಲ್ಲಿ ರಕ್ತ ಒಸರಿ, ಹುಣ್ಣಾಗಿ ಕೀವು ಸೇರುತ್ತದೆ. ಸೊಂಟಕ್ಕೆ, ತೋಳಿನ ಮಾಂಸಕ್ಕೆ ಸೂಜಿ ಹಾಕಿಸಬಾರದು. ಅಲ್ಲಿ ಒಳಗೇ ರಕ್ತ ಕಟ್ಟಿಕೊಂಡು ಗಡ್ಡೆಯಾಗುತ್ತದೆ. ಬಾಕಿಯಿರುವ ಲಸಿಕೆಯನ್ನೂ ವೈದ್ಯರನ್ನು ಕೇಳಿಯೇ ಹಾಕಿಸಬೇಕು. ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಡಬಹುದು. ಆಸ್ಪಿರಿನ್, ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ಇರುವ ಮಾತ್ರೆ ಅಥವಾ ಸಿರಪ್ಪು ಕೂಡದು: ಇವು ಉಳಿದ ಪ್ಲೇಟ್‌ಲೆಟ್‌ಗಳ ಅಂಟುವ ಶಕ್ತಿಯನ್ನೂ ಕೆಡಿಸುತ್ತವೆ. ಅಂಗಡಿಯವನು "ಜ್ವರದ ಸಿರಪ್ಪು" ಎಂದು ಕೊಟ್ಟರೆ ಸಾಲದು. ಸೀಸೆಯ ಮೇಲಿನ ಹೆಸರನ್ನು ಆಶಾ ಕಾರ್ಯಕರ್ತೆಗೆ ತೋರಿಸಿರಿ.

ತಲೆಗೆ ಪೆಟ್ಟಾಗದಂತೆ ಕಾಯುವುದೇ ದೊಡ್ಡ ಕೆಲಸ. ನಾಲ್ಕು ವರ್ಷದ ಹುಡುಗನನ್ನು ಕೂರಿಸಿಡುವುದು ಎಷ್ಟು ಕಷ್ಟವೆಂಬುದು ಬರೆಯುವವರಿಗೂ ಗೊತ್ತು. ಕಟ್ಟಿಹಾಕಬೇಕಾಗಿಲ್ಲ. ಮರ, ಅಟ್ಟ, ಹುಲ್ಲಿನ ಬಣವೆ ಹತ್ತುವುದು, ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕೂರುವುದು, ಸೈಕಲ್ಲು, ಕೊಂಬಿನ ದನಗಳ ಹತ್ತಿರ ಸುಳಿಯುವುದು, ದೊಡ್ಡ ಹುಡುಗರೊಡನೆ ಕಬಡ್ಡಿ ಇವುಗಳನ್ನು ತಪ್ಪಿಸಿದರೆ ಸಾಕು. ನೆಲದ ಮೇಲೆ ಚಾಪೆ ಹಾಸಿ ಮಲಗಿಸುವುದು ಮಂಚಕ್ಕಿಂತ ಮೇಲು. ಉಗುರು ಕತ್ತರಿಸಿಡಬೇಕು. ಬೇವಿನ ಕಡ್ಡಿ ಬಿಟ್ಟು ಮೆತ್ತನೆಯ ಬ್ರಷ್ಷಿನಲ್ಲಿ ಹಲ್ಲುಜ್ಜಿಸಬೇಕು. ಪಥ್ಯ ಏನೂ ಇಲ್ಲ. ಮುದ್ದೆ, ಸೊಪ್ಪು, ಮೊಟ್ಟೆ, ಹಣ್ಣು ಎಲ್ಲವನ್ನೂ ಕೊಡಬಹುದು. ಈ ವಯಸ್ಸಿನ ಮಕ್ಕಳಿಗೆ ಮುಡಿ ತೆಗೆಸುವ, ಕಿವಿ ಚುಚ್ಚಿಸುವ, ಮುಂಜಿ ಮಾಡಿಸುವ ಹರಕೆ ಶಾಸ್ತ್ರಗಳಿರುತ್ತವೆ. ಅವನ್ನು ಮುಂದಕ್ಕೆ ಹಾಕಬೇಕು. ಹಲ್ಲು ಕೀಳಿಸುವುದಿದ್ದರೂ ಮೊದಲು ವೈದ್ಯರಿಗೆ ತಿಳಿಸಬೇಕು. ಅಂಗನವಾಡಿಯವರಿಗೂ ಶಾಲೆಯ ಮೇಷ್ಟ್ರಿಗೂ ವಿಷಯ ಹೇಳಿಡುವುದು ಒಳ್ಳೆಯದು. ಹೊಸ ಕಲೆ ಕಂಡಾಗ ಯಾರು ಯಾರನ್ನೂ ದೂರುವಂತಾಗುವುದಿಲ್ಲ.

ಮೂಗಿನಲ್ಲಿ ರಕ್ತ ಬಂದರೆ ಮಗುವನ್ನು ಕೂರಿಸಿ ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆಯ ಭಾಗವನ್ನು ಹತ್ತು ನಿಮಿಷ ಬಿಡದೆ ಒತ್ತಿಹಿಡಿಯಬೇಕು. ನಮ್ಮಲ್ಲಿ ಮಲಗಿಸಿ ತಲೆ ಹಿಂದಕ್ಕೆ ಮಾಡುತ್ತಾರೆ. ಆಗ ರಕ್ತ ಗಂಟಲಿಗೆ ಇಳಿಯುತ್ತದೆ. ಹದಿನೈದು ನಿಮಿಷವಾದರೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೊರಡಬೇಕು. ತಲೆಗೆ ಪೆಟ್ಟು ಬಿದ್ದರೆ, ಮಗು ತಲೆನೋವೆಂದು ಅತ್ತರೆ, ಪದೇ ಪದೇ ವಾಂತಿಯಾದರೆ, ತೂಕಡಿಸಿ ಮಂಕಾದರೆ, ಸೆಳವು ಬಂದರೆ, ಮೂತ್ರ ಕೆಂಪಾದರೆ, ಮಲ ಟಾರಿನಂತೆ ಕಪ್ಪಾದರೆ ರಾತ್ರಿಯೇ ಆಗಲಿ 108ರ ಗಾಡಿಗೆ ಹೇಳಿ, "ಈ ಮಗುವಿಗೆ ಪ್ಲೇಟ್‌ಲೆಟ್ ಕಡಿಮೆಯಿದೆ" ಎಂಬ ಮಾತನ್ನು ಮೊದಲೇ ಹೇಳಬೇಕು.

ಗುಣವಾಗುತ್ತಿರುವ ಮಗುವಿನಲ್ಲಿ ಹೊಸ ಚುಕ್ಕಿಗಳು ಏಳುವುದು ನಿಲ್ಲುತ್ತದೆ. ಹಳೆಯ ಕಲೆಗಳು ಹಸಿರಾಗಿ, ಹಳದಿಯಾಗಿ ಮಾಸುತ್ತವೆ. ಈ ನಡುವೆ ಇನ್ನೊಂದು ನೆಗಡಿ ಬಂದರೆ ಲೆಕ್ಕ ಮತ್ತೆ ಸ್ವಲ್ಪ ಇಳಿಯಬಹುದು, ಅದಕ್ಕೆ ಗಾಬರಿಯಾಗಬೇಕಾಗಿಲ್ಲ. ನೂರರಲ್ಲಿ ಸುಮಾರು ಇಪ್ಪತ್ತು ಮಕ್ಕಳಿಗೆ ಮಾತ್ರ ಒಂದು ವರ್ಷ ಕಳೆದರೂ ಉಳಿಯುತ್ತದೆ. ಅವರನ್ನು ಮಕ್ಕಳ ರಕ್ತರೋಗ ತಜ್ಞರಿರುವ ದೊಡ್ಡ ಆಸ್ಪತ್ರೆಗೆ ಕಳುಹಿಸುತ್ತಾರೆ, ಅವರಿಗೂ ಈಗ ಬೇರೆ ಮದ್ದುಗಳುಂಟು. ರಕ್ತಪರೀಕ್ಷೆಯ ಚೀಟಿಗಳನ್ನೆಲ್ಲ ತಾರೀಖಿನಂತೆ ಜೋಡಿಸಿ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಪಡಿತರ ಚೀಟಿಯಿಡುವ ಜಾಗದಲ್ಲಿಯೇ ಇಡಿರಿ. ಮುಂದಿನ ಸಲ ನೋಡುವ ವೈದ್ಯರು ಮೊದಲು ಕೇಳುವುದು ಅದನ್ನೇ.